ಅಂಗೈಯಲ್ಲಿ ಲೈಟು ನೋಡುತ್ತಿದ್ದವರು

ದುಬೈಯಲ್ಲಿರುವ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಂದು ಪ್ರಶ್ನೆ ಏಳುತ್ತದೆ. "ಬೈಕಿಗೆ ಹೊರಗಿಂದ ಲೈಟ್ ಹಾಕ್ಸಿದ್ರೆ ಟೆಸ್ಟಿಂಗಲ್ಲಿ ಪಾಸ್ ಆಗ್ತದಾ?" ಒಬ್ಬ ಆಗುತ್ತದೆ ಎಂದು ತನ್ನ ಬೈಕಿನ ಫೋಟೋ ಹಾಕುತ್ತಾನೆ. ಇನ್ನೊಬ್ಬ ಅದೇ ಬೈಕು, ಅದೇ ಲೈಟು, ತನ್ನದು ಫೇಲಾಯಿತು ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ವಾಹನ ತಪಾಸಣೆಯ ಕೇಂದ್ರವೊಂದರಲ್ಲಿ ಐದು ವರ್ಷ ಕೆಲಸ ಮಾಡಿದ ನಾನು ಉತ್ತರ ಬರೆಯಲು ತೊಡಗಿ, ಎರಡು ಸಾಲು ಬರೆದು, ಅಳಿಸುತ್ತೇನೆ. ಈ ಪ್ರಶ್ನೆಗೆ ಅನುಮಾನವೇ ಇಲ್ಲದೆ ಉತ್ತರ ಕೊಡುತ್ತಿದ್ದವರು ಒಬ್ಬರಿದ್ದರು. ಕಳೆದ ತಿಂಗಳು ಊರಿನಲ್ಲಿ ತೀರಿಕೊಂಡರು.

ಅವರು ಒಳ್ಳೆಯವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿಂದ ಒರಟು, ಒಳಗೆ ಬೆಣ್ಣೆ ಎಂಬ ಥರದ ಮನುಷ್ಯರ ಬಗ್ಗೆ ಬೇಕಾದಷ್ಟು ಓದಿದ್ದೇವೆ. ಇವರು ಹಾಗಲ್ಲ. ಒಳಗೂ ಒರಟೇ ಇದ್ದರು, ನಾನು ಹತ್ತಿರದಿಂದ ನೋಡಿದ್ದೇನೆ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳ ಸಾಲಿನ ಕೊನೆಯಲ್ಲಿ ನಮ್ಮ ಕೇಂದ್ರವಿತ್ತು. ಅಲ್ಲಿ ಬೈಕುಗಳಿಗೆಂದೇ ಒಂದು ಲೇನು. ಅವರು ಅದರ ಇನ್‌ಸ್ಪೆಕ್ಟರ್, ನಾನು ಅವರ ಕೈಕೆಳಗೆ ಕಂಪ್ಯೂಟರಿಗೆ ಫಲಿತಾಂಶ ತುಂಬಿಸುವವನು. ಅವರು ಉಡುಪಿ ಕಡೆಯವರು, ಅರವತ್ತಕ್ಕೆ ಹತ್ತಿರ. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆದದ್ದಿಲ್ಲ. ನಾನು ಮಂಗಳೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿ ಬಂದವನೆಂದು ತಿಳಿದ ದಿನವೇ ನನ್ನ ಹೆಸರು 'ಎಂಎಸ್ಸಿ' ಆಯಿತು.

"ಹಾಗಾದ್ರೆ ಬೆಳಕು ಅಂದ್ರೆ ಎಂತ, ಹೇಳು," ಎಂದು ಕೇಳಿದರು.

ನಾನು ಅಲೆ, ಕಣ ಎಂದು ಶುರುಮಾಡಿದೆ.

"ಸಾಕು. ಇಲ್ಲಿ ಬೆಳಕು ಎರಡೇ ಥರ. ಕಂಪೆನಿ, ಮಾರ್ಕೆಟ್. ಕಂಪೆನಿ ಪಾಸ್, ಮಾರ್ಕೆಟ್ ಫೇಲ್. ನಿನಗೆ ಎರಡು ವರ್ಷ ಯೂನಿವರ್ಸಿಟಿಯಲ್ಲಿ ಎಂತ ಕಲಿಸಿದ್ರು?"

ನಿಯಮದ ಪುಸ್ತಕದಲ್ಲಿ ವಿಷಯ ಅಷ್ಟು ಸಣ್ಣದಾಗಿರಲಿಲ್ಲ, ಅಷ್ಟು ದೊಡ್ಡದೂ ಆಗಿರಲಿಲ್ಲ ಎಂದು ನನ್ನ ನೆನಪು. ಮುಂದಿನ ಬೆಳಕು ಬಿಳಿ ಅಥವಾ ತಿಳಿಹಳದಿ ಇರಬೇಕು. ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯಬಾರದು. ಬೈಕು ತಯಾರಾದಾಗ ಇದ್ದದ್ದನ್ನು ಅನುಮತಿಯಿಲ್ಲದೆ ಬದಲಾಯಿಸಬಾರದು. ಬೆಳಕಿನ ಕೋನ ಅಳೆಯಲು ಯಂತ್ರವಿತ್ತು. ಆದರೆ ಲೈಟು ಬೈಕಿನ ಜೊತೆ ಹುಟ್ಟಿದ್ದೋ, ಅಂಗಡಿಯಲ್ಲಿ ಕೂರಿಸಿದ್ದೋ ಎಂದು ಯಂತ್ರ ಹೇಳುವುದಿಲ್ಲ. ಅದನ್ನು ಮನುಷ್ಯನೇ ಹೇಳಬೇಕು. ನಮ್ಮ ಲೇನಿನಲ್ಲಿ ಹೇಳುತ್ತಿದ್ದ ಮನುಷ್ಯ ಇವರು.

ಹೇಳುವ ಕ್ರಮ ಹೀಗೆ. ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂರುವರು. ಬಲಗೈಯ ಗ್ಲೌಸು ತೆಗೆದು ಮಡಚಿ ಜೇಬಿಗೆ ಹಾಕುವರು. ಅಂಗೈಯನ್ನು ಲೈಟಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯುವರು. ಲೈಟನ್ನು ನೋಡುತ್ತಿರಲಿಲ್ಲ, ಅಂಗೈಯನ್ನೇ ನೋಡುತ್ತಿದ್ದರು. ಎಣಿಸಿದರೆ ಹತ್ತು ಸೆಕೆಂಡು. "ಮಾರ್ಕೆಟ್," ಎಂದು ಏಳುವರು. ನಾನು ಫೇಲ್ ಎಂದು ಒತ್ತುವೆ. ನಾಲ್ಕು ವರ್ಷದಲ್ಲಿ ಅವರು ತಪ್ಪಿದ್ದನ್ನು ನಾನು ಒಂದು ಸಲ ಮಾತ್ರ ಕಂಡೆ.

ಬೈಕುಗಳಲ್ಲಿ ಹೆಚ್ಚಿನವು ಡೆಲಿವರಿಯವರದು. ವರ್ಷಕ್ಕೊಮ್ಮೆ ಪಾಸಾಗದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಆ ದಿನದಿಂದ ಕೆಲಸವಿಲ್ಲ. ಇದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಅವರಿಗೆ ಹುರುಪು. ಒಬ್ಬ ನೇಪಾಳಿ ಹುಡುಗ ಬೈಕಿನ ಸುತ್ತ ನೀಲಿ ಲೈಟಿನ ಪಟ್ಟಿ ಅಂಟಿಸಿಕೊಂಡು ಬಂದಿದ್ದ. ಜುಲೈಯೋ ಆಗಸ್ಟೋ, ಶೆಡ್ಡಿನ ತಗಡು ಕಾದು ಕೆಳಗೆ ನಿಂತವರ ನೆತ್ತಿ ಸುಡುತ್ತಿತ್ತು. "ಯಲ್ಲಾ, ನಿಕಾಲೋ," ಎಂದರು. ಅವನು ಉಗುರಿನಿಂದ ಒಂದೊಂದೇ ಕಿತ್ತ. ಮುಕ್ಕಾಲು ಗಂಟೆ ಹಿಡಿಯಿತು. ಕಿತ್ತು ಮುಗಿಸಿ ನಗುತ್ತ ನಿಂತ. ಅವರು ಬೈಕಿನ ಮೈಮೇಲೆ ಬೆರಳಾಡಿಸಿ, ಪಟ್ಟಿ ಕೂರಿಸಲು ಕೊರೆದ ಎರಡು ಸಣ್ಣ ತೂತುಗಳನ್ನು ಹುಡುಕಿ, ಫೇಲ್ ಎಂದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮದುವೆ ಮಂಟಪ ಬಿಚ್ಚಿದ ಮೇಲೆ ಗುಂಡಿ ಮುಚ್ಚುದು ಯಾರು?" ಎಂದರು. ನಾನು ನಕ್ಕೆ. ಆ ಹುಡುಗ ತನಗೇನೋ ದಾರಿ ಸೂಚಿಸುತ್ತಿದ್ದಾರೆಂದು ತಿಳಿದು ನನ್ನ ಮುಖ ನೋಡುತ್ತಿದ್ದ.

ಊರಿನವರ ಮೇಲೆ ಇನ್ನೂ ಕಠಿಣ. ಅಬುಧಾಬಿಯ ಮರಳುಗಾಡಿನ ಒಳಗಿರುವ ಮದೀನತ್ ಜಾಯೆದ್‌ನ ಕಾರ್ಮಿಕರ ಕ್ಯಾಂಪೊಂದರಲ್ಲಿ ಅಡಿಗೆ ಕೆಲಸಕ್ಕಿದ್ದ ಕಾರ್ಕಳದ ಒಬ್ಬರು ದುಬೈ ನಂಬರಿನ ಬೈಕು ತಂದಿದ್ದರು. ಹೆಡ್‌ಲೈಟಿನ ಎರಡೂ ಬದಿ ಹೆಚ್ಚಿನ ಲೈಟು ಕೂರಿಸಿದ್ದರು. ಇವರು ತುಳುವಿನಲ್ಲಿ ಮನೆ ಎಲ್ಲಿ, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. ಪಾಪ, ಕಾರ್ಕಳದವರ ಮುಖ ಅರಳಿತು. "ಆ ಕಡೆ ರೋಡಲ್ಲಿ ಲೈಟಿಲ್ಲ ಅಣ್ಣ, ಒಂಟೆ ಅಡ್ಡ ಬರ್ತದೆ, ಒಂದು ಸಲ ಕೂದಲೆಳೆಯಲ್ಲಿ ತಪ್ಪಿದ್ದು," ಎಂದರು.

"ಒಂಟೆಗೆ ನೀನು ಕಾಣ್ಬೇಕಾ, ನಿನಗೆ ಒಂಟೆ ಕಾಣ್ಬೇಕಾ?"

"ನನಗೆ ಒಂಟೆ ಅಣ್ಣ."

"ಮೆಲ್ಲ ಹೋದ್ರೆ ಕಾಣ್ತದೆ. ಫೇಲ್. ಊರಿನವ ಅಂತ ಪಾಸ್ ಮಾಡಿ, ನಾಳೆ ನಿನ್ನ ಹೆಣ ಊರಿಗೆ ಕಳಿಸ್ಲಿಕ್ಕೆ ನಾನು ಓಡ್ಲಿಕ್ಕಿಲ್ಲ."

ಇದಕ್ಕೆಲ್ಲ ಒಂದು ಉಪಾಯವನ್ನು ಎದುರಿನ ಅಂಗಡಿಯವರು ಕಂಡುಕೊಂಡಿದ್ದರು. ತಪಾಸಣೆಯ ಅರ್ಧ ಗಂಟೆಗೆ ಮಾತ್ರ ಅಸಲಿ ಹೆಡ್‌ಲೈಟು ಬಾಡಿಗೆಗೆ ಕೊಡುವುದು. ಪಾಸಾದ ಕೂಡಲೇ ಬಿಚ್ಚಿ ಮುಂದಿನವನ ಬೈಕಿಗೆ. ಎಲ್ಲರಿಗೂ ಗೊತ್ತಿದ್ದ ಪದ್ಧತಿ, ಯಾರೂ ಬಾಯಿಬಿಡುತ್ತಿರಲಿಲ್ಲ. ಒಂದು ದಿನ ಇವರು ಒಂದು ಹೆಡ್‌ಲೈಟಿನ ಅಂಚನ್ನು ಬೆರಳಿನಿಂದ ಸವರಿ, ಮೂಲೆಯಲ್ಲಿ ಚೂರು ಹಾರಿದ ಜಾಗದಲ್ಲಿ ನಿಲ್ಲಿಸಿ, "ಬೆಳಿಗ್ಗೆಯಿಂದ ಈ ಲೈಟು ನನಗೆ ಮೂರನೇ ಸಲ ಸಲಾಂ ಹೊಡೀತಾ ಉಂಟು," ಎಂದರು. ಎಂಥ ಕಣ್ಣು ಎಂದು ನಾವು ಬೆರಗಾದೆವು. ಬೆರಳು ಎಂದು ನನಗೆ ಹೊಳೆಯಲಿಲ್ಲ. ಹೊಳೆದಿತ್ತು, ಆದರೆ ಬದಿಗಿಟ್ಟೆ ಎಂದೂ ಇರಬಹುದು. ನಡೆದದ್ದು ತಿಳಿದ ಮೇಲೆ ನೆನಪು ತಾನಾಗಿ ಜಾಣವಾಗುತ್ತದೆ, ಅದನ್ನು ನಂಬುವಂತಿಲ್ಲ.

ನಾವಿಬ್ಬರೂ ದುಬೈಯ ಕರಾಮ ಬಡಾವಣೆಯಲ್ಲಿದ್ದೆವು, ಬೇರೆ ಬೇರೆ ಕಟ್ಟಡ. ಒಮ್ಮೊಮ್ಮೆ ಒಂದೇ ಹೋಟೆಲಿನಲ್ಲಿ ತಿಂಡಿ. ಗೋಡೆಯ ಮೇಲೆ ಆ ದಿನದ ತಿಂಡಿಗಳ ಬೋರ್ಡು ದೊಡ್ಡಕ್ಷರದಲ್ಲೇ ಇರುತ್ತಿತ್ತು. ಇವರು ಅದರ ಕಡೆ ತಲೆಯೆತ್ತದೆ, "ಎಂತ ಉಂಟು, ಬಾಯಿಬಿಟ್ಟು ಹೇಳು. ಬೋರ್ಡ್ ಓದ್ಲಿಕ್ಕೆ ನಾನೇನು ಶಾಲೆಗೆ ಬಂದದ್ದಾ?" ಎಂದು ಸಪ್ಲೈಯರನ್ನು ಗದರುತ್ತಿದ್ದರು. ಅವನು ಪ್ರತಿದಿನ ಇಡ್ಲಿಯಿಂದ ಗೋಳಿಬಜೆಯವರೆಗೆ ಒಪ್ಪಿಸುತ್ತಿದ್ದ. ದರ್ಪ ಎಂದುಕೊಂಡಿದ್ದೆ.

ಮೂರನೆಯ ವರ್ಷದಲ್ಲಿ, ವಾರ್ಷಿಕ ವೈದ್ಯಕೀಯ ಪರೀಕ್ಷೆಯ ದಿನ, ಕ್ಲಿನಿಕ್ಕಿನ ಹೊರಗೆ ಅವರು ನನ್ನ ತೋಳು ಹಿಡಿದರು. ಇನ್‌ಸ್ಪೆಕ್ಟರಿಗೆ ಕಣ್ಣಿನ ಪ್ರಮಾಣಪತ್ರವಿಲ್ಲದೆ ಲೇನಿನಲ್ಲಿ ನಿಲ್ಲುವಂತಿಲ್ಲ.

"ನೀನು ಮೊದಲು ಹೋಗು. ಚಾರ್ಟಿನ ಕೊನೇ ಮೂರು ಸಾಲು ನೋಡಿಕೊಂಡು ಬಾ."

"ಯಾಕಣ್ಣ?"

"ಯಾಕೆ ಅಂತ ಕೇಳ್ಲಿಕ್ಕೆ ನೀನು ಡಾಕ್ಟರಾ? ಚಾರ್ಟ್ ಬದಲಾಯಿಸಿದ್ದಾರಂತೆ. ಹಳೇದು ಬಾಯಿಗೆ ಬರ್ತದೆ ನನಗೆ."

ನಾನು ಒಳಗೆ ಹೋಗಿ ಬಂದು, ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಚೀಟಿಯನ್ನು ನೋಡಿ ನನಗೇ ಹಿಂದಿರುಗಿಸಿ, "ಓದಿ ಹೇಳು," ಎಂದರು. ನಾನು ಓದಿದೆ. ಅವರು ತುಟಿಯಾಡಿಸಿ ಎರಡು ಸಲ ಹೇಳಿಕೊಂಡು ಒಳಗೆ ಹೋಗಿ ಪಾಸಾಗಿ ಬಂದರು. ಬಸ್ಸಿನಲ್ಲಿ ಹಿಂತಿರುಗುವಾಗ ಒಂದೇ ಮಾತಾಡಿದರು. "ಕಣ್ಣಿನ ಫೈಲ್ ಒಂದು ಸಲ ಓಪನ್ ಆದ್ರೆ ಲೇನ್ ಖಲಾಸ್. ಊರಿಗೆ ಹೋಗಿ ನಾನು ಎಂತ ಮಾಡುದು? ಅಲ್ಲಿ ನನಗೆ ಹೆದರುವವರು ಯಾರೂ ಇಲ್ಲ."

ಅವರು ತಮ್ಮ ಬಗ್ಗೆ ಹೇಳಿಕೊಂಡ ನಿಜವಾದ ಮಾತು ಅದೊಂದೇ ಇರಬೇಕು. ಹೇಳಿದ್ದು ನನಗೆ.

ಆ ಒಂದು ತಪ್ಪು ನಡೆದದ್ದು ಇದಾಗಿ ಕೆಲವು ತಿಂಗಳ ಮೇಲೆ, ನನ್ನ ನಾಲ್ಕನೆಯ ವರ್ಷದಲ್ಲಿ. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಮಂಗಳೂರಿನ ಕೊಂಕಣಿ ಹೆಂಗಸು, ದುಬೈಗೆ ಕೆಲಸ ಬದಲಾಯಿಸಿ, ತನ್ನ ಬೈಕನ್ನು ದುಬೈ ನಂಬರಿಗೆ ಮಾಡಿಸಲು ತಂದಳು. ಹೊಸ ಮಾದರಿಯ ದೊಡ್ಡ ಬೈಕು. ಇವರು ಕೂತು ಅಂಗೈ ಹಿಡಿದರು.

"ಮಾರ್ಕೆಟ್."

"ಅಲ್ಲ ಅಂಕಲ್, ಶೋರೂಮಿಂದ ಬರುವಾಗ್ಲೇ ಇದ್ದ ಲೈಟ್ ಇದು."

"ಎಲ್ಲರದ್ದೂ ಶೋರೂಮಿಂದಲೇ ಬರುದು. ಇಪ್ಪತ್ತು ವರ್ಷದಿಂದ ಇದೇ ಕತೆ ಕೇಳ್ತಾ ಇದ್ದೇನೆ."

ಅವಳು ಬೈಕಿನ ಪುಸ್ತಕ ತೆಗೆದು ಪುಟ ಬಿಡಿಸಿ ಅವರ ಮುಂದೆ ಹಿಡಿದಳು. "ಇಲ್ಲಿ ಬರೆದಿದ್ದಾರೆ ನೋಡಿ."

"ಪುಸ್ತಕ ಓದ್ಲಿಕ್ಕೆ ಅಂತ ಇವನನ್ನು ಇಟ್ಟಿದ್ದಾರೆ. ಎಂಎಸ್ಸಿ."

"ನೀವೇ ಓದಿ ಅಂಕಲ್."

ಅವರು ಪುಸ್ತಕ ಮುಟ್ಟದೆ ಎದ್ದರು. ಆಮೇಲೆ, "ಗಂಡನ ಹತ್ರ ಹೇಳು, ಬೈಕ್ ಅವನೇ ತಕೊಂಡು ಬರ್ಲಿ," ಎಂದರು.

"ಮದುವೆ ಆಗ್ಲಿಲ್ಲ."

"ಹಾಗಾದ್ರೆ ಮೊದಲು ಆ ಟೆಸ್ಟ್ ಪಾಸ್ ಮಾಡು. ಲೈಟಿಂದು ಆಮೇಲೆ ನೋಡುವ."

ಸಾಲಿನಲ್ಲಿದ್ದ ಕನ್ನಡ ಬಲ್ಲವರು ನಕ್ಕರು. ನಾನೂ ನಕ್ಕಿರಬೇಕು. ಅವಳು ಬೈಕು ತಳ್ಳಿಕೊಂಡು ಹೊರಬಂದು ನನ್ನ ಕೌಂಟರಿನ ಮುಂದೆ ನಿಂತಳು. ಅವಮಾನವಾದ ಮುಖವಲ್ಲ, ಬೇರೇನನ್ನೋ ಲೆಕ್ಕ ಹಾಕುತ್ತಿದ್ದ ಮುಖ.

"ಅವರು ನನ್ನ ಹತ್ರ ಮಾತಾಡುವಾಗ ಎಲ್ಲಿ ನೋಡ್ತಾ ಇದ್ರು ಗೊತ್ತುಂಟಾ ನಿಮಗೆ? ಸೀಟಿನ ಮೇಲೆ ನನ್ನ ಹೆಲ್ಮೆಟ್ ಇತ್ತು. ಅದನ್ನು ನೋಡಿ ಮಾತಾಡಿದ್ದು. ಪೊರೆ ಬಂದಿದೆ, ಎರಡೂ ಕಣ್ಣಿಗೆ. ನಾನು ಕಣ್ಣಿನ ವಾರ್ಡಲ್ಲಿ ದಿನಾ ನೋಡುವವಳು. ಸಣ್ಣ ಆಪರೇಷನ್, ಸಂಜೆ ಮನೆಗೆ ಹೋಗ್ಬಹುದು. ನೀವು ಅವರ ಊರಿನವರಲ್ವಾ, ಒಮ್ಮೆ ಮೆಲ್ಲ ಹೇಳಿ."

ಆಮೇಲಿನದನ್ನು ನಾನು ಬಹಳ ಕಾಲ ಹೀಗೆ ಹೇಳಿಕೊಂಡು ಬಂದೆ: ಅವಳು ದೂರು ಕೊಟ್ಟಳು, ಮ್ಯಾನೇಜರ್ ನನ್ನನ್ನು ಕರೆದು ವಿಚಾರಿಸಿದರು, ನಾನು ನಿಜ ಹೇಳಬೇಕಾಯಿತು. ಅವಳು ಮ್ಯಾನೇಜರರ ಕೋಣೆಯ ಬಾಗಿಲಲ್ಲಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು, ಕೈಯಲ್ಲಿದ್ದ ಹೆಲ್ಮೆಟ್ಟಿನ ಬಣ್ಣ ಸಮೇತ. ಎರಡು ವರ್ಷದ ಮೇಲೆ ಕರಾಮದ ಬಸ್‌ಸ್ಟಾಪಿನಲ್ಲಿ ಅವಳೇ ಸಿಕ್ಕಿ, ಗುರುತು ಹಿಡಿದು, "ಆ ಅಂಕಲಿಗೆ ಆಪರೇಷನ್ ಆಯ್ತಾ?" ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಮರುದಿನ ಬೇರೆ ಲೇನಿನಲ್ಲಿ ಪಾಸ್ ಮಾಡಿಸಿಕೊಂಡು ಹೋದವಳು ಅವಳು. ದೂರು ಎಂಬುದೇ ಇರಲಿಲ್ಲ. ಮ್ಯಾನೇಜರರ ಬಾಗಿಲಲ್ಲಿ ನಿಂತವನು ನಾನು.

ಕಣ್ಣು ಕಾಣದವರು ಬೈಕು ಪರೀಕ್ಷಿಸಿದರೆ ಜನ ಸಾಯುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದೆ. ಅದು ಸರಿಯಾದ ಮಾತೇ, ಈಗಲೂ ಸರಿ. ಆದರೆ ಅದು ಸರಿಯಾಗಿದ್ದದ್ದು ಹಿಂದಿನ ವರ್ಷ ಚೀಟಿ ಓದಿ ಹೇಳಿದ ದಿನವೂ ಹೌದು. ಆಗ ನಾನು ಯಾರಿಗೂ ಹೇಳಲಿಲ್ಲ.

ಮ್ಯಾನೇಜರ್ ಈಜಿಪ್ಟಿನವರು. ಅವರು ನಂಬಲಿಲ್ಲ. ಕಣ್ಣು ಕಾಣದಿದ್ದರೆ ಅಂಗಡಿ ಲೈಟನ್ನು ಒಂದೂ ತಪ್ಪದೆ ಹೇಗೆ ಹಿಡಿಯುತ್ತಾನೆ ಎಂದರು. ಆಗ ನನಗೆ ಒಂದು ಬಗೆಯ ಸಂತೋಷವಾಯಿತು. ಅದನ್ನು ಮುಚ್ಚಿಡಲಾರೆ. ಓದಿ ಬಂದ ಮೇಲೆ ನನ್ನ ಓದನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ. ನಾನು ವಿವರಿಸಿದೆ. ಡೆಲಿವರಿ ಬೈಕುಗಳಿಗೆ ಕಂಪೆನಿ ಹಾಕುವುದು ಹ್ಯಾಲೊಜೆನ್ ಬಲ್ಬು, ಅದರ ಬೆಳಕಿನ ಜೊತೆ ಶಾಖ ಬರುತ್ತದೆ. ಅಂಗಡಿಯವರು ಹಾಕುವುದು ಎಲ್ಇಡಿ, ಅದರ ಬೆಳಕು ತಣ್ಣಗಿರುತ್ತದೆ. ಅಣ್ಣ ಅಂಗೈಯಲ್ಲಿ ನೋಡುವುದು ಬೆಳಕನ್ನಲ್ಲ, ಬಿಸಿಯನ್ನು. ನರ್ಸಿನ ಹೊಸ ಬೈಕಿಗೆ ಕಂಪೆನಿಯೇ ಎಲ್ಇಡಿ ಹಾಕಿತ್ತು, ಅಲ್ಲಿ ತಪ್ಪಿದರು.

"ತೋರಿಸು," ಎಂದರು ಮ್ಯಾನೇಜರ್.

ಕಣ್ಣಿನ ಡಾಕ್ಟರ ಬಳಿ ಕಳಿಸಿ ಎನ್ನಬಹುದಿತ್ತು. ನಾನು, ಬೆಳಕನ್ನು ಬಿಟ್ಟು ಶಾಖವನ್ನು ಮಾತ್ರ ತಡೆಯಬೇಕು, ಅದಕ್ಕೆ ನೀರು ಸಾಕು ಎಂದೆ. ರಿಸೆಪ್ಷನ್ನಿನಲ್ಲಿ ಮೀನು ಸಾಕಿದ ಗಾಜಿನ ತೊಟ್ಟಿ ಇತ್ತು.

ಮರುದಿನ ಬೆಳಿಗ್ಗೆ ಲೇನು ತೆರೆಯುವ ಮೊದಲು ತೊಟ್ಟಿಯನ್ನು ಮೇಜಿನ ಮೇಲಿಟ್ಟು, ಅದರ ಹಿಂದೆ ಒಂದರ ನಂತರ ಒಂದಾಗಿ ಆರು ಲೈಟು ಹಚ್ಚುವ ಏರ್ಪಾಡು ಮಾಡಿದೆ. ಮೂರು ಕಂಪೆನಿಯದು, ಮೂರು ಅಂಗಡಿಯದು. ಮೀನುಗಳನ್ನು ಬೇರೆ ಕಡೆ ಹಾಕಲು ಸಮಯವಿರಲಿಲ್ಲ, ಒಳಗೇ ಬಿಟ್ಟೆ. ಬೇಕೆಂದೇ ಬಿಟ್ಟೆನೋ ಏನೋ. ಸಿಬ್ಬಂದಿ ಏಳೆಂಟು ಜನ ಸೇರಿದ್ದರು. ಅಣ್ಣ ಬಂದು, ಏನೋ ಹೊಸ ಟ್ರೇನಿಂಗ್ ಎಂದುಕೊಂಡು, ಗ್ಲೌಸು ಮಡಚಿ ಜೇಬಿಗೆ ಹಾಕಿ, ಕೈ ಮುಂದೆ ಹಿಡಿದರು. ಬೆರಳ ತುದಿ ಗಾಜಿಗೆ ತಾಗಲು ಎರಡು ಇಂಚು ಬಾಕಿ.

"ಮಾರ್ಕೆಟ್," ಎಂದರು. ಅದು ಕಂಪೆನಿಯದು.

ಎರಡನೆಯದು, "ಮಾರ್ಕೆಟ್." ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿದರು. ಅಂಗೈ ತಿರುಗಿಸಿ ಹಿಂಗೈ ಹಿಡಿದರು. ಆಗ ಒಂದು ಕೆಂಪು ಮೀನು ಲೈಟಿನ ಎದುರಿನಿಂದ ಹಾದುಹೋಯಿತು.

"ಇದು ಮಿಣುಕ್ತಾ ಉಂಟು. ಕನೆಕ್ಷನ್ ಲೂಸ್ ಉಂಟು ಮಾರಾಯ, ಸರಿ ಸಿಕ್ಕಿಸು," ಎಂದು ನನಗೆ ಹೇಳಿದರು.

ಮೊದಲು ನಕ್ಕವರು ಯಾರೆಂದು ಗೊತ್ತಿಲ್ಲ. ಆಮೇಲೆ ಎಲ್ಲರೂ ನಕ್ಕರು. ಅಣ್ಣನ ಬಾಯಿಗೆ ಸಿಕ್ಕಿ ವರ್ಷಗಟ್ಟಲೆ ನವೆದವರು ಅವರೆಲ್ಲ, ನಗು ಬೇಗ ನಿಲ್ಲಲಿಲ್ಲ. ಅಣ್ಣ ತಾವೂ ಸ್ವಲ್ಪ ನಕ್ಕು, ಏನು ತಮಾಷೆ ಎಂದು ಸುತ್ತ ನೋಡಿದರು. ಮ್ಯಾನೇಜರ್ ನಗಲಿಲ್ಲ. ಮೂರಕ್ಕೇ ನಿಲ್ಲಿಸಬಹುದು ಎಂಬಂತೆ ನನ್ನನ್ನು ನೋಡಿದರು. ಆರಕ್ಕೆ ಆರೂ ಆದರೇ ಫಲಿತಾಂಶಕ್ಕೆ ಅರ್ಥ ಎಂದು ನಾನು ಹೇಳಿದೆ. ಮೂರನೆಯದೂ ಸೇರಿ ಉಳಿದ ನಾಲ್ಕಕ್ಕೂ ಅಣ್ಣ ಮಾರ್ಕೆಟ್ ಎಂದರು. ಆರರಲ್ಲಿ ಮೂರು ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ ಎಂದು ವರದಿಯಲ್ಲಿ ಬರೆದೆ.

ಕೊನೆಯದು ಮುಗಿದ ಮೇಲೆ ಅವರು ಕೈಯನ್ನು ಇನ್ನಷ್ಟು ಮುಂದೆ ಚಾಚಿದರು. ಬೆರಳು ಗಾಜಿಗೆ ತಾಗಿತು. ಮೇಲಕ್ಕೆ ಸವರಿ ಅಂಚು ಹಿಡಿದು, ಒಳಗೆ ಅದ್ದಿದರು. ಮಣಿಕಟ್ಟಿನವರೆಗೆ ನೀರಿನಲ್ಲಿ ಕೈಯಿಟ್ಟುಕೊಂಡು ನಿಂತರು.

"ನೀರು," ಎಂದರು. "ಇವರಿಗೆ ಯಾರಿಗೂ ಇಷ್ಟು ತಲೆ ಇಲ್ಲ. ಇದು ನಿನ್ನದು ಅಲ್ವಾ?"

ನಾನು ಏನೂ ಹೇಳಲಿಲ್ಲ ಎಂದು ನೆನಪು. ಅಲ್ಲ ಎಂದೆ ಎಂದೂ ಒಂದು ನೆನಪಿದೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೋ ಅದನ್ನು ಆಯ್ದುಕೊಳ್ಳಲು ಹೋಗಿ ಎರಡೂ ಒಂದೇ ಎನಿಸಿ ಬಿಟ್ಟಿದ್ದೇನೆ.

ಆ ವಾರವೇ ಅವರ ವೀಸಾ ರದ್ದಾಯಿತು. ಲೇನು ನನಗೆ ಸಿಕ್ಕಿತು. ಒಂದು ವರ್ಷ ನಾನು ಆ ಜಾಗದಲ್ಲಿ ನಿಂತೆ. ಕೈಯಲ್ಲಿ ಪುಸ್ತಕವಿತ್ತು, ಎರಡೂ ಕಣ್ಣು ಚೆನ್ನಾಗಿದ್ದವು, ಆದರೂ ಒಂದೇ ಥರದ ಲೈಟನ್ನು ಬೆಳಿಗ್ಗೆ ಪಾಸ್ ಮಾಡಿ ಮಧ್ಯಾಹ್ನ ಫೇಲ್ ಮಾಡಿದ್ದಿದೆ. ಯಾರೂ ನನಗೆ ಹೆದರಲಿಲ್ಲ. ವಾದ ಮಾಡಿದವರು ಪಾಸಾದರು, ಮಾಡದವರು ಫೇಲಾದರು. ಆಮೇಲೆ ಆ ಕೆಲಸ ಬಿಟ್ಟೆ.

ಅವರು ಊರಿಗೆ ಹೋದ ಎರಡು ತಿಂಗಳಿಗೆ ಫೋನು ಮಾಡಿದ್ದರು. ಬೈಯಲಿಕ್ಕೆ ಎಂದುಕೊಂಡೆ.

"ಆಪರೇಷನ್ ಆಯ್ತು. ಎರಡೂ ಕಣ್ಣಿಗೆ. ಒಂದೊಂದಕ್ಕೆ ಕಾಲು ಗಂಟೆ ಹಿಡಿಲಿಲ್ಲ ಮಾರಾಯ. ಈಗ ಕೋಳಿಯ ಪುಕ್ಕ ಲೆಕ್ಕ ಮಾಡ್ಬಹುದು."

"ಒಳ್ಳೇದಾಯ್ತಣ್ಣ."

"ಇಷ್ಟು ಸಣ್ಣದು ಅಂತ ನನಗೆ ಗೊತ್ತಿರ್ಲಿಲ್ಲ. ಕುರುಡಾಗ್ತೇನೆ ಅಂತ ಹೆದರಿ ಕೂತದ್ದು. ನಿನಗೆ ಯಾರೂ ಹೇಳ್ಲಿಲ್ವಾ, ಹೀಗೆ ಸಣ್ಣ ಆಪರೇಷನ್ ಅಂತ? ಓದಿದವ ನೀನು."

"ಇಲ್ಲಣ್ಣ," ಎಂದೆ. ಇದರಲ್ಲಿ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ.

"ಆಗ್ಲಿ. ನಿನ್ನದೊಂದು ಫೋಟೋ ಕಳಿಸು. ನಾಲ್ಕು ವರ್ಷ ಪಕ್ಕದಲ್ಲಿ ನಿಂತಿದ್ದಿ, ನಿನ್ನ ಮುಖ ಹೇಗುಂಟು ಅಂತ ನನಗೆ ಸರಿ ಗೊತ್ತಿಲ್ಲ. ಒಮ್ಮೆ ನೋಡುವ."

ಅಷ್ಟೊಂದು ಕಾಣದೆ ಇದ್ದಿರಲಾರದು ಎಂದು ನನ್ನ ತರ್ಕ ಹೇಳುತ್ತದೆ. ಎಲ್ಲಿ ಹೊಡೆದರೆ ತಾಗುತ್ತದೆ ಎಂದು ಹುಡುಕಿ ಆಡಿದ ಮಾತೂ ಆಗಿರಬಹುದು, ಅವರಿಗೆ ಅದು ಬರುತ್ತಿತ್ತು. ಆ ದಿನ ನಾನು ಕನ್ನಡಿಯ ಮುಂದೆ ನಿಂತು ಒಂಬತ್ತು ಫೋಟೋ ತೆಗೆದೆ. ನಗುತ್ತಿದ್ದವನ್ನು ಅಳಿಸಿದೆ. ಕಣ್ಣು ತಗ್ಗಿಸಿದ್ದನ್ನೂ ಅಳಿಸಿದೆ. ಉಳಿದ ಒಂದನ್ನು ಕಳಿಸಿದೆ. ಐದೇ ನಿಮಿಷದಲ್ಲಿ ಅದರ ಕೆಳಗೆ ವಾಟ್ಸಾಪಿನ ನೀಲಿ ಟಿಕ್ಕುಗಳು ಬಂದವು. ನೋಡಿದ್ದಾರೆ.

ಉತ್ತರ ಬರಲಿಲ್ಲ. ಆಮೇಲೆ ನಾನೂ ಬರೆಯಲಿಲ್ಲ. ಕಳೆದ ತಿಂಗಳು ಅದೇ ನಂಬರಿನಿಂದ ಅವರ ಮಗಳು ಸಾವಿನ ಸುದ್ದಿ ಕಳಿಸಿದಳು, ಅಪ್ಪನ ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿದ್ದು. ನನ್ನ ಫೋನಿನಲ್ಲಿ ಅದು ಬಂದು ಕೂತದ್ದು ನನ್ನ ಫೋಟೋದ ಕೆಳಗೆ. ನಡುವೆ ಏನೂ ಇಲ್ಲ.